ಲೋಟದ ಮೇಲಿನ ನಂಬರು

ನಮ್ಮ ಅವ್ವ ಹೊರಗೆ ಎಲ್ಲೂ ಚಹಾ ಕುಡಿಯುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಲೆನೋವೆಂದು ಹಣೆ ಹಿಸುಕಿಕೊಳ್ಳುತ್ತ ಕೂತಿರುತ್ತಾಳೆ, ಪಕ್ಕದಲ್ಲೇ ಚಹಾ ಕುದಿಯುತ್ತಿರುತ್ತದೆ, ಒಂದು ಗುಟುಕು ಕುಡಿ ಅಂದರೆ ಮುಖ ತಿರುಗಿಸುತ್ತಾಳೆ. ಚಹಾದ ಮೇಲೆ ಅವಳಿಗೆ ಸಿಟ್ಟಿಲ್ಲ, ಮನೆಯಲ್ಲಿ ಬೆಲ್ಲ ಹಾಕಿಕೊಂಡು ಹಗಲೆಲ್ಲ ಕುಡಿಯುತ್ತಾಳೆ. ಅವಳು ಹುಡುಗಿಯಾಗಿದ್ದಾಗ ಊರ ಹೋಟೆಲಿನಲ್ಲಿ ನಮ್ಮ ಓಣಿಯವರಿಗೆಂದು ಬೇರೆ ಗ್ಲಾಸುಗಳು ಗೋಡೆಯ ಹೊರಗೆ ಇರುತ್ತಿದ್ದವು. ಕುಡಿದವರು ತಾವೇ ತೊಳೆದು ಬೋರಲು ಹಾಕಿ ಬರಬೇಕು. ಒಂದು ದಿನ ಅವ್ವ ಹೋಟೆಲಿನವನಿಗೆ, "ತೊಳಿಯೋದೂ ನಾನ ಆದ್ರ ನಮ್ಮ ಮನ್ಯಾಗ ಕುಡೀತೀನಿ, ನಿನಗ್ಯಾಕ ರೊಕ್ಕ ಕೊಡ್ಲಿ?" ಅಂದು ಎದ್ದು ಬಂದಳಂತೆ. ಆ ಹೋಟೆಲು ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಅವ್ವ ಮಾತ್ರ ಅಂದಿನ ಮಾತಿನ ಮೇಲೇ ನಿಂತಿದ್ದಾಳೆ.

ನಾನು ಹೇಳಹೊರಟಿರುವುದು ಒಂದು ಸರಕಾರಿ ನಂಬರಿನ ವಿಷಯ. ಅದಕ್ಕೂ ಚಹಾಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ಬರುತ್ತದೆ.

ದೇವದುರ್ಗ ತಾಲೂಕಿನಲ್ಲಿ, ಅರಕೇರಾ ದಾಟಿ ಸ್ವಲ್ಪ ಮುಂದೆ ನಮ್ಮೂರು. ಹತ್ತಿ ಬಿಡಿಸುವುದು ಮುಗಿಯಿತೆಂದರೆ ಓಣಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಹೈದರಾಬಾದು, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ ಗುಳೆ. ಗಂಟುಮೂಟೆಯ ಜೊತೆ ಮಕ್ಕಳೂ ಹೊರಡುತ್ತವೆ, ಶಾಲೆ ಅಲ್ಲಿಗೆ ಮುಗಿಯುತ್ತದೆ. ಇದನ್ನು ನೋಡಿ ನೋಡಿ ಸಾಕಾಗಿ ಅವ್ವ ಮತ್ತು ನಮ್ಮ ಚಿಕ್ಕವ್ವ ಸೇರಿ ಗುಳೆ ಹೋದವರ ಮಕ್ಕಳನ್ನು ಓಣಿಯ ಸಮುದಾಯ ಭವನದಲ್ಲಿ ಇಟ್ಟುಕೊಳ್ಳತೊಡಗಿದರು. ಗೋಡೆಯ ಮೇಲೆ ನೀಲಿ ಕೋಟಿನವರ ಫೋಟೋ, ಅದರ ಕೆಳಗೆ ಬುದ್ಧನ ಸಣ್ಣ ಮೂರ್ತಿ, ಅದರ ಕೆಳಗೆ ಸಾಲಾಗಿ ಹಾಸಿಗೆ. ಉಳಿದ ಮನೆಗಳವರು ಬೊಗಸೆ ಬೊಗಸೆ ಜೋಳ ಕೊಟ್ಟರು. ಜನ ಅದನ್ನು ಮಕ್ಕಳ ಮನಿ ಅಂದರು. ಸಂಘವೆಂದು ನೋಂದಣಿಯೂ ಆಯಿತು. ಅವ್ವ ಅಧ್ಯಕ್ಷೆ, ಚಿಕ್ಕವ್ವ ಕಾರ್ಯದರ್ಶಿ. ರಾಯಚೂರಿನ ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ಖಜಾಂಚಿ, ಇಂಗ್ಲಿಷು ಓದಲು ಬರುತ್ತದೆಂಬ ಒಂದೇ ಕಾರಣಕ್ಕೆ.

ಅಲ್ಲಿ ಅವ್ವನದೊಂದು ಕಟ್ಟಳೆ ಇತ್ತು. ನಮ್ಮ ಕಡೆ ಒಂದು ಚಮಚ ಕೊಂಡರೂ ಅದರ ಮೇಲೆ ಮಿಷನ್ನಿನಿಂದ ಹೆಸರು ಹೊಡಿಸುತ್ತಾರೆ. ಮದುವೆಯಲ್ಲಿ ಕೊಟ್ಟ ಕೊಡಪಾನದ ಮೇಲೆ ಕೊಟ್ಟವರ ವಂಶವೇ ಇರುತ್ತದೆ. ಮಕ್ಕಳ ಮನೆಯ ಸ್ಟೀಲ್ ಲೋಟಗಳ ಮೇಲೆ ಮಾತ್ರ ಒಂದಕ್ಷರವಿಲ್ಲ. "ಹೆಸರು ಬಿತ್ತಂದ್ರ ಇದು ನಂದು, ಅದು ನಿಂದು ಅಂತಾವ. ಯಾವ ಲೋಟ ಕೈಗೆ ಬರ್ತದ ಅದರಾಗ ಕುಡೀಲಿ" ಅನ್ನುತ್ತಿದ್ದಳು.

ಹಿಂದಿನ ಸಲ ಜೋಳ ಸಾಲದೆ ಕೆಲವು ಮಕ್ಕಳನ್ನು ಇಟ್ಟುಕೊಳ್ಳಲಾಗಲಿಲ್ಲ. ಅವು ತಾಯಂದಿರ ಹಿಂದೆ ಲಾರಿ ಹತ್ತಿದ್ದನ್ನು ಅವ್ವ ಬಾಗಿಲಲ್ಲಿ ನಿಂತು ನೋಡಿದ್ದಳು. ಹೀಗಾಗಿ ಈ ವರ್ಷ ಅಂಥ ಮನೆಗಳಿಗೆ ಸರಕಾರದ ಅನುದಾನ ಸಿಗುತ್ತದೆಂದು ಗೊತ್ತಾದ ಕೂಡಲೇ ಓಣಿಯವರಿಗೆಲ್ಲ ಮಾತು ಕೊಟ್ಟುಬಿಟ್ಟಳು: ಈ ಸಲ ಒಂದು ಕೂಸನ್ನೂ ವಾಪಸ್ ಕಳಿಸಂಗಿಲ್ಲ. ಅರ್ಜಿ ಹಾಕುವ ಕೆಲಸ ನನ್ನದು. ಮಾತು ಕೊಡುವವರು ಒಬ್ಬರು, ಕಚೇರಿ ಅಲೆಯುವವರು ಇನ್ನೊಬ್ಬರು, ಇದು ನಮ್ಮ ಮನೆಯ ಹಳೆಯ ಪದ್ಧತಿ.

ರಾಯಚೂರಿನ ಕಚೇರಿಯಲ್ಲಿದ್ದ ಗುಮಾಸ್ತರು ಒಳ್ಳೆಯವರು. ಕಾಗದಗಳನ್ನೆಲ್ಲ ತಿರುವಿ ನೋಡಿ ಕೇಳಿದರು, "ನೋಂದಣಿ ಅದ, ಪ್ಯಾನ್ ಅದ, ಎಲ್ಲಾ ಅದ. ದಿಲ್ಲಿ ನಂಬರ್ ಎಲ್ಲದರೀ ಮೇಡಂ?"

"ಅದ್ಯಾವುದ್ರೀ?"

"ಸಂಘಕ್ಕೊಂದು ನಂಬರ್ ಕೊಡ್ತಾರ್ರಿ. ಮನುಷ್ಯಾರಿಗೆ ಆಧಾರ್ ಇದ್ದಂಗ. ಅದಿಲ್ಲಂದ್ರ ಕಂಪ್ಯೂಟರಿನ್ಯಾಗ ನೀವು ಹುಟ್ಟೇ ಇಲ್ರಿ."

ಇಷ್ಟು ವರ್ಷ ಮಕ್ಕಳಿಗೆ ರೊಟ್ಟಿ ಬಡಿದು ಹಾಕಿದ ಹೆಂಗಸರು ಹುಟ್ಟೇ ಇಲ್ಲವಂತೆ. ನನಗೆ ಮೂಗಿನ ತುದಿಗೇ ಸಿಟ್ಟು. ಆದರೆ ಗುಮಾಸ್ತರ ಮೇಲೆ ಹಾರಾಡಿ ಏನು ಬಂತು? ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಿತ್ತು.

ಸ್ಟೇಷನ್ ರೋಡಿನ ಕಡೆಗಿದ್ದ ಒಂದು ಆನ್‌ಲೈನ್ ಸೆಂಟರಿಗೆ ಹೋದೆ. ಸಂಘದ ವಿವರ ತುಂಬಿಸುವುದು ಸುಲಭವಾಗಿಯೇ ಮುಗಿಯಿತು. ಕೊನೆಗೆ ಮೂವರು ಪದಾಧಿಕಾರಿಗಳ ಆಧಾರ್ ತಾಳೆ ನೋಡಬೇಕು. ಆಧಾರಿಗೆ ಜೋಡಿಸಿದ ಫೋನಿಗೆ ಒಂದು ಓಟಿಪಿ ಬರುತ್ತದೆ, ಅದನ್ನು ಅಲ್ಲೇ ಹಾಕಬೇಕು. ನನ್ನದು ನನ್ನ ಫೋನಿಗೆ ಬಂತು. ಅವ್ವನದು ಎಲ್ಲೂ ಬರಲಿಲ್ಲ. ಚಿಕ್ಕವ್ವನದೂ ಅದೇ ಕತೆ. ಸೆಂಟರಿನವನು ಪರದೆ ನನ್ನ ಕಡೆ ತಿರುಗಿಸಿ, "ಇಬ್ಬರದ್ದೂ ಒಂದೇ ನಂಬರಿಗೆ ಹೋಗ್ಯದ ಮೇಡಂ, ಯಾರ ನಂಬರ್ ಇದು?" ಅಂದ. ನಂಬರಿನ ಕೊನೆಯ ಅಂಕಿಗಳು ಮಾತ್ರ ಕಾಣುತ್ತಿದ್ದವು. ಅಷ್ಟು ಸಾಕಾಯಿತು, ಅದು ನನ್ನ ಮೊದಲ ಫೋನಿನ ನಂಬರು.

ನಮ್ಮೂರಿಗೆ ಆಧಾರ್ ಕ್ಯಾಂಪ್ ಬಂದಾಗ ಓಣಿಯ ಯಾವ ಹೆಂಗಸಿನ ಹತ್ತಿರವೂ ಮೊಬೈಲಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದ ನನ್ನ ಹತ್ತಿರ ಒಂದಿತ್ತು. ನಂಬರ್ ಕೇಳಿದ ಕೂಡಲೇ ಅವ್ವ ತಲೆ ಎತ್ತಿ, "ನಮ್ಮ ಹುಡುಗೀದು ಬರ್ಕೋರ್ರಿ" ಅಂದಳು. ಅವಳ ಹಿಂದಿನವಳು "ನನಗೂ ಅದನ್ನ ಹಾಕ್ರಿ" ಅಂದಳು, ಅವಳ ಹಿಂದಿನವಳೂ ಹಾಗೇ. ಬಾವಿಗೆ ಒಂದೇ ಹಗ್ಗವಿದ್ದಾಗ ಎಲ್ಲರೂ ಅದಕ್ಕೇ ಕೊಡ ಕಟ್ಟುವುದಿಲ್ಲವೇ, ಹಾಗೆ ಇಡೀ ಸಾಲು ನನ್ನ ನಂಬರಿಗೆ ಕಟ್ಟಿಕೊಂಡಿತು. ಮುಂದೆ ಆ ಫೋನು ಬಸ್ಸಿನಲ್ಲಿ ಕಳೆಯಿತು, ಹೊಸ ಫೋನು, ಹೊಸ ನಂಬರು. ಓಣಿಯ ಬೀಗದ ಕೈ ಕಳೆಯಿತೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ನಂಬರು ಬದಲಾಯಿಸಲು ದೇವದುರ್ಗದ ಆಧಾರ್ ಸೆಂಟರಿಗೆ ಅವ್ವನನ್ನು ಕರೆದುಕೊಂಡು ಹೋದೆ. ಕಳೆ ಕಿತ್ತು, ಹತ್ತಿ ಬಿಡಿಸಿ ಸವೆದ ಬೆರಳು ಮಿಷನ್ನಿಗೆ ಹತ್ತಲಿಲ್ಲ. ಮತ್ತೆ ಬರ್ರಿ ಅಂದರು, ಬದಲಾಗಿ ಬರಲು ದಿನ ಹಿಡಿಯುತ್ತದೆ ಅಂದರು. ನಮಗೆ ದಿನಗಳೇ ಇರಲಿಲ್ಲ.

ಉಳಿದ ದಾರಿ ಒಂದೇ. ನನ್ನ ಹಳೆಯ ನಂಬರಿಗೆ ನಾನೇ ಫೋನು ಮಾಡಿದೆ. ರಿಂಗಾಗುವ ಮೊದಲು ಆ ಧ್ವನಿ: ನಿಮ್ಮ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಆಮೇಲೆ ಒಬ್ಬ ಹೆಂಗಸು ಎತ್ತಿಕೊಂಡಳು. "ಇದು ಹಿರೇಕೊಟ್ನೆಕಲ್ ರೀ, ಯಾರು ಬೇಕಾಗಿತ್ತು?" ಅಂದಳು. ನಾನು ಎಷ್ಟು ನಯವಾಗಿ ಹೇಳಿದರೂ ಮಾತು ಓಟಿಪಿಗೆ ಬರಲೇಬೇಕಲ್ಲ. ಬಂದ ಕೂಡಲೇ ಕಟ್ ಮಾಡಿದಳು. ಮತ್ತೆ ಮಾಡಿದರೆ ಒಬ್ಬ ಮುದುಕರ ದನಿ, "ಇನ್ನೊಂದ್ಸಲ ಹಚ್ಚಿದ್ರ ಪೊಲೀಸ್ರಿಗೆ ಹೇಳ್ತೀವಿ ನೋಡು!" ಅವರದೇನು ತಪ್ಪು? ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ, ಇನ್ನೂ ನಾಲ್ಕು ಮಾತು ಸೇರಿಸಿ.

ದುಡ್ಡು ಕಳಿಸುವ ಆ್ಯಪಿನಲ್ಲಿ ಆ ನಂಬರು ಹಾಕಿ ನೋಡಿದೆ. ಒಬ್ಬ ಗಂಡಸಿನ ಹೆಸರು ಮನೆತನದ ಹೆಸರಿನ ಸಮೇತ ಬಂತು. ನಮ್ಮ ಕಡೆ ಮನೆತನದ ಹೆಸರು ಗೊತ್ತಾದರೆ ಅರ್ಧ ಕತೆ ಮುಗಿದ ಹಾಗೆ. ಯಾವ ಪೈಕಿ, ಎಷ್ಟು ಹೊಲ, ನಮ್ಮಂಥವರು ಎಲ್ಲಿವರೆಗೆ ಹೋಗಬಹುದು, ಎಲ್ಲ ತಿಳಿಯುತ್ತದೆ. ಆ ಹೆಸರು ನೋಡಿದ್ದೇ ನಾಳೆ ಯಾವ ಸೀರೆ ಉಡಲಿ ಎಂದು ಯೋಚಿಸತೊಡಗಿದೆ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಕಾಲೇಜಿನಲ್ಲಿ ಮಕ್ಕಳಿಗೆ ಸಮಾನತೆಯ ಪಾಠ ಹೇಳುವವಳು ನಾನೇ.

ಮರುದಿನ ಒಳ್ಳೆಯ ಸೀರೆ ಉಟ್ಟು, ಕಾಲೇಜಿನ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಮಾನ್ವಿ ಬಸ್ಸು ಹಿಡಿದೆ. ಮಾನ್ವಿಯಿಂದ ಟಂಟಂ ಆಟೋ. ಹಿರೇಕೊಟ್ನೆಕಲ್ಲಿನಲ್ಲಿ ಆ ಹೆಸರು ಕೇಳಿದರೆ ಜನ ಕೈಹಿಡಿದು ಕರೆದುಕೊಂಡೇ ಹೋದರು. ದೊಡ್ಡ ಮನೆ, ಮುಂದೆ ಕಟ್ಟೆ, ಅಂಗಳದಲ್ಲಿ ಮೆಣಸಿನಕಾಯಿ ಒಣಗಿಸಿದ್ದರು.

ಮನೆಯ ಸೊಸೆ ಹೊರಗೆ ಬಂದಳು, ನನ್ನ ವಯಸ್ಸಿನವಳೇ. ಬಿಸಿಲಲ್ಲಿ ಬಂದಿದ್ದೇನೆಂದು ಮೊದಲು ಸ್ಟೀಲ್ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಎತ್ತಿ ಕುಡಿದೆ. ಆಮೇಲೆ ಬಂದ ವಿಷಯ ಹೇಳಿದೆ. "ಯಪ್ಪಾ!" ಎಂದು ಆಕೆ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಮಾವಾರ, ಫೋನ್ಯಾಗ ಕೇಳಾಕಿ ಮನಿಗೇ ಬಂದಾಳ ನೋಡ್ರಿ!"

ಮಾವ ಹೊರಬಂದರು, ಹಿಂದೆಯೇ ಅಕ್ಕಪಕ್ಕದವರೂ. ಓಟಿಪಿ ಕೇಳುವವರನ್ನು ಅವರು ಟಿವಿಯಲ್ಲಿ ನೋಡಿದ್ದರೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಒಬ್ಬಳು ನನ್ನ ಸೀರೆಯ ಅಂಚು ನೋಡಿ, "ಛಲೋ ಮನಿ ಹೆಣಮಗಳಂಗ ಕಾಣ್ತಾಳ, ಪಾಪ" ಅಂದಳು. ಗುರುತಿನ ಚೀಟಿ ತೋರಿಸಿದೆ. ಮುದುಕರು ಅದನ್ನು ಹಿಂದೆಮುಂದೆ ತಿರುಗಿಸಿದರು. "ಇಂಥಾವು ರಾಯಚೂರಾಗ ಬೇಕಾದಷ್ಟು ಮಾಡಿ ಕೊಡ್ತಾರ. ನಿಮ್ಮ ಸಂಘಕ್ಕ ಸರಕಾರದ್ದು ನಂಬರ್ ಇರ್ತದಲ್ಲ, ಅದನ್ನ ತೋರಸು."

"ಅದನ್ನ ತಗೊಳ್ಳಾಕs ಬಂದೀನ್ರಿ ಯಪ್ಪಾ" ಅಂದೆ. ಎಲ್ಲರೂ ನಕ್ಕರು. 

ಕೊನೆಗೆ ಅವ್ವನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ಅವ್ವನ ದನಿಯೊಂದಿಗೆ ಮಕ್ಕಳ ಗದ್ದಲವೂ ಕೇಳಿಸಿತು. ಯಾವ ಊರು, ಯಾಕೆ ನಂಬರು, ಹಿಂದಿನ ವರ್ಷ ಎಷ್ಟು ಮಕ್ಕಳು ಲಾರಿ ಹತ್ತಿದವು, ಎಲ್ಲವನ್ನೂ ಅವಳು ಕಟ್ಟೆಯ ಮೇಲೆ ಎದುರಿಗೇ ಕೂತಂತೆ ಹೇಳಿದಳು. ಸೊಸೆಯ ಮುಖ ಮೆತ್ತಗಾಯಿತು. "ಹಂಗಾರ ಅವೆಲ್ಲಾ ನಿಮ್ಮೂರಿನವೇನ್ರೀ? ರೇಷನ್ನು, ಪಿಂಚಣಿ, ಬ್ಯಾಂಕು, ಏನೇನೋ ಮೆಸೇಜ್ ಬರ್ತಾವ. ಯಾರದೋ ಪಾಪ, ಬೇಕಾಗ್ತಾವೇನೋ ಅಂತ ಒಂದೂ ಅಳಿಸಿಲ್ರಿ" ಅಂದಳು. ಆಕೆ ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು.

ನೆರೆಯವರು ಚದುರಿದರು. ಆಗ ಮಾವ ಕೇಳಿದರು, "ಅರಕೇರಾ ಕಡೆ ಅಂದಿ. ಊರಾಗ ಯಾವ ಓಣಿ?"

ಈ ಪ್ರಶ್ನೆ ನನಗೆ ಹೊಸದಲ್ಲ. ರಾಯಚೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಕಲಿತ ಹತ್ತು ಬಗೆಯ ಉತ್ತರಗಳಿವೆ. ಅಂದು ಯಾವುದನ್ನೂ ಹೇಳಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದೆ. "ಹಂಗಾ" ಅಂದರು. ದನಿಯಲ್ಲಿ ಸಿಟ್ಟಿಲ್ಲ, ತಾತ್ಸಾರವಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ನಡೆದರು.

ನಾನು ಸೆಂಟರಿನವನಿಗೆ ಫೋನು ಮಾಡಿ ಅವ್ವನ ಓಟಿಪಿಗೆ ಒತ್ತಲು ಹೇಳಿದೆ. ಸೊಸೆಯ ಫೋನು ಗುಂಯ್ ಅಂದಿತು. ಆಕೆ ಒಂದೊಂದೇ ಅಂಕಿ ಓದಿದಳು, ನಾನು ಇತ್ತ ಹೇಳಿದೆ. ಅವ್ವನದು ಆಯಿತು. ಚಿಕ್ಕವ್ವನದು ಒತ್ತುವಷ್ಟರಲ್ಲಿ ಆ ಕಡೆ ನೆಟ್‌ವರ್ಕ್ ನಿಂತಿತು, ಸ್ವಲ್ಪ ತಡೀರಿ ಅಂದ. ಆಕೆ, "ಚಹಾ ಇಟ್ಟೀನ್ರಿ, ಕುಡ್ದು ಹೋಗ್ರಿ" ಎಂದು ಒಳಗೆ ಹೋದಳು. ಅಷ್ಟರಲ್ಲಿ ಮಾವ ಅಂಗಡಿಯಿಂದ ವಾಪಸಾದರು. ಕೈಯಲ್ಲಿ ಪೇಪರ್ ಕಪ್ಪಿನ ಪೊಟ್ಟಣವಿತ್ತು.

ಅವರಿಬ್ಬರಿಗೂ ಚಹಾ ಸ್ಟೀಲ್ ಲೋಟದಲ್ಲಿ ಬಂತು. ನನಗೆ ಪೇಪರ್ ಕಪ್ಪಿನಲ್ಲಿ. "ಹೊಸಾವು, ನಿಮಗಂತನs ತರ್ಸೀವ್ರಿ" ಅಂದಳು ಆಕೆ ನಗುತ್ತ, ನನ್ನನ್ನು ಆದರಿಸುತ್ತಿದ್ದೇನೆಂದೇ ನಂಬಿ. ನಾನು ನೀರು ಕುಡಿದಿದ್ದ ತಂಬಿಗೆ ಒಳಗೆ ಹೋಗಿರಲಿಲ್ಲ, ಬಚ್ಚಲ ಕಲ್ಲಿನ ಮೇಲೆ ಒಂದೇ ಕೂತಿತ್ತು.

ಈಗ ಯಾರಾದರೂ ಕೇಳಬಹುದು, ಪೇಪರ್ ಕಪ್ಪಿನಲ್ಲಿ ಏನು ತಪ್ಪು, ಮದುವೆ ಮನೆಗಳಲ್ಲಿ ಎಲ್ಲರೂ ಕುಡಿಯುವುದು ಅದರಲ್ಲೇ ಅಲ್ಲವೇ ಎಂದು. ಅದೇ ಅದರ ಜಾಣತನ. ಗೋಡೆಯ ಹೊರಗಿನ ಗ್ಲಾಸಿಗಾದರೆ ಎದುರು ಮಾತಾಡಬಹುದಿತ್ತು. ಇದಕ್ಕೆ ಏನೆಂದು ಮಾತಾಡಲಿ? ತೊಳೆದಿಡು ಎಂದು ಯಾರೂ ಹೇಳಲಿಲ್ಲ, ಕುಡಿದು ಬಿಸಾಡಿದರಾಯಿತು. ಬೇಡ, ನಾನು ಚಹಾ ಕುಡಿಯುವುದಿಲ್ಲ ಎಂದು ಕಪ್ಪನ್ನು ಕೆಳಗಿಡಬಹುದಿತ್ತು. ನನ್ನವ್ವ ಅಷ್ಟು ಕಲಿಸಿದ್ದಳು. ಆದರೆ ಚಿಕ್ಕವ್ವನ ಓಟಿಪಿ ಇನ್ನೂ ಬಂದಿರಲಿಲ್ಲ, ಫೋನು ಸೊಸೆಯ ಮಡಿಲಲ್ಲಿತ್ತು. ಆಕೆ ಮುನಿಸಿಕೊಂಡರೆ? ಮಾವನ ಮನಸ್ಸು ತಿರುಗಿದರೆ?

ಕುಡಿದೆ. ಸುಮ್ಮನೆ ಕುಡಿದದ್ದೂ ಅಲ್ಲ, "ಚಹಾ ಭಾಳ ಛಲೋ ಆಗ್ಯದ್ರಿ" ಅಂದೆ. ಆ ಮಾತು ನನ್ನ ಬಾಯಿಂದ ತಾನೇ ಉರುಳಿ ಬಂದದ್ದು ಹೇಗೆಂದು ಈಗಲೂ ತಿಳಿಯದು. ನಮ್ಮ ಹಿರೇರು ತಲೆತಲಾಂತರದಿಂದ ಇಂಥ ಕಟ್ಟೆಗಳ ಕೆಳಗೆ ನಿಂತು ಆಡಿದ ಮಾತು ಅದು, ನನ್ನ ಗಂಟಲಲ್ಲೇ ಎಲ್ಲೋ ಕೂತಿತ್ತು. ಫೋನು ಗುಂಯ್ ಅಂದಿತು. ಆಕೆ ಅಂಕಿ ಓದಿದಳು. ಕೈಮುಗಿದು ಎದ್ದೆ. ಖಾಲಿ ಕಪ್ಪನ್ನು ಎಲ್ಲಿ ಹಾಕಲೆಂದು ತಿಳಿಯದೆ ಮುದುರಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದೆ.

ನಂಬರು ಬಂತು. ಅರ್ಜಿಯೂ ಹೋಯಿತು. ನಾನು ಊರಿಗೆ ಹೋಗಿ ಹೇಳಿದಾಗ ಅವ್ವ ಮಕ್ಕಳನ್ನೆಲ್ಲ ಕರೆದು ಅದನ್ನು ಗಟ್ಟಿಯಾಗಿ ಓದಿಸಿದಳು. ಆಮೇಲೆ ನನ್ನ ಪಕ್ಕ ಕೂತು ಕೇಳಿದಳು, "ಬಿಸಲಾಗ ಹೋಗಿದ್ದಿ. ಚಹಾ ಏನರ ಕೊಟ್ರೇನು?"

"ಕೊಟ್ರು."

"ಕುಡದೇನು?"

"ಕುಡದೆ."

ಯಾವುದರಲ್ಲಿ ಎಂದು ಅವ್ವ ಕೇಳಲಿಲ್ಲ. ಕೇಳುವುದು ಅವಳಿಗೆ ತೋಚಲೇ ಇಲ್ಲ. ತನ್ನ ಮಗಳು ಕುಡಿದಿದ್ದಾಳೆಂದರೆ ಅದು ಅವರು ಕುಡಿದಂಥ ಲೋಟದಲ್ಲೇ ಇರಬೇಕು. ಅವಳ ಕಣ್ಣು ತುಂಬಿ ಬಂದವು. "ಅಂಥಾ ಮನ್ಯಾಗ! ಕಾಲ ಬದಲಾಗ್ಯದ ಯವ್ವಾ" ಅಂದಳು. ಮುದುರಿದ ಕಪ್ಪು ಇನ್ನೂ ಒಳಗಿದ್ದ ಬ್ಯಾಗನ್ನು ನಾನು ಹಿಂದಕ್ಕೆ ಸರಿಸಿದೆ. 

ಮುಂದಿನ ಸಂತೆಯ ದಿನ ಅವಳು ಲೋಟಗಳನ್ನೆಲ್ಲ ಚೀಲಕ್ಕೆ ತುಂಬಿ ದೇವದುರ್ಗದ ಪಾತ್ರೆ ಅಂಗಡಿಗೆ ಹೊತ್ತುಕೊಂಡು ಹೋದಳು. ಹೆಸರು ಹೊಡಿಸದವಳು ನಂಬರು ಹೊಡಿಸಿದಳು. ಮಿಷನ್ನಿನವನು ಮೊದಲಿನ ಕೆಎ ಅಕ್ಷರ ನೋಡಿ, "ಇದೇನು ಗಾಡಿ ನಂಬರ್ ಏನವ್ವಾ?" ಎಂದು ಕೇಳಿದನಂತೆ. "ನಮ್ಮ ಮಕ್ಕಳ ಮನೀದು. ದಿಲ್ಲಿಯಿಂದ ಬಂದದ" ಅಂದಳಂತೆ ಇವಳು. ಎಲ್ಲ ಲೋಟದ ಮೇಲೂ ಒಂದೇ ನಂಬರು, ಹೀಗಾಗಿ ಜಗಳವಿಲ್ಲ.

ಅಷ್ಟಕ್ಕೆ ಮುಗಿದಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅವ್ವ ಹಟ ಹಿಡಿದಳು, ಹಿರೇಕೊಟ್ನೆಕಲ್ಲಿಗೆ ಹೋಗಬೇಕು, ಉಪಕಾರ ಮಾಡಿದವರನ್ನು ಕಂಡು ಬರಬೇಕು. ಸಜ್ಜೆ ರೊಟ್ಟಿ ಬಡಿದಳು, ರೊಟ್ಟಿಗೆ ನಂಜಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದಳು, ಹೊಸ ನಂಬರಿನ ಎರಡು ಲೋಟಗಳನ್ನು ಉಡುಗೊರೆಯೆಂದು ಸೀರೆ ತುಂಡಿನಲ್ಲಿ ಸುತ್ತಿದಳು. ಇಲಕಲ್ ಸೀರೆ ಉಟ್ಟಳು. "ಹೊರಗ ಚಹಾ ಬಿಟ್ಟು ಭಾಳ ವರ್ಷ ಆತು. ಆ ಮನ್ಯಾಗ ಒಂದು ಲೋಟ ಕುಡ್ದು ಬರ್ತೀನಿ" ಅಂದಳು. ನಾನು ಕಾಲೇಜು, ಬಿಸಿಲು, ಮೊಣಕಾಲು ನೋವು ಎಂದು ಏನೇನೋ ನೆಪ ತೆಗೆದೆ. ನಿಜವೊಂದನ್ನು ಬಿಟ್ಟು ಎಲ್ಲ ಹೇಳಿದೆ.

ಸೊಸೆ ನಮ್ಮನ್ನು ನೋಡಿ ಓಡಿ ಬಂದಳು. "ಬರ್ರಿ ಯವ್ವಾ, ಬರ್ರಿ" ಎಂದು ಕಟ್ಟೆಯ ಮೇಲೆ ಕುರ್ಚಿ ಹಾಕಿದಳು. ಅವ್ವ ಮಡಿಲಲ್ಲಿ ಚೀಲವಿಟ್ಟುಕೊಂಡು ಕೂತು ಆಕೆಯ ಮಕ್ಕಳುಮರಿ ವಿಚಾರಿಸಿದಳು. ಚಹಾದ ವಾಸನೆ ಬಂತು. ಅವ್ವ ಸೆರಗು ಸರಿ ಮಾಡಿಕೊಂಡಳು. ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿದಳು.

ಸೊಸೆ ಹೊರಗೆ ಬಂದು, ಬಾಗಿಲ ಪಕ್ಕದ ಗೂಡಿಗೆ ಕೈ ಚಾಚಿ ಒಂದು ಪೊಟ್ಟಣ ತೆಗೆದಳು. ಬಾಯಿಗೆ ರಬ್ಬರ್ ಹಾಕಿಟ್ಟಿದ್ದ ಅದೇ ಪೊಟ್ಟಣ. ಒಳಗಿನಿಂದ ಒಂದು ಕಪ್ಪು ಮಾತ್ರ ಕಡಿಮೆಯಾಗಿತ್ತು. ಒಳಗೆ ಆಗಲೇ ಮಾವ ಲೋಟದಿಂದ ಚಹಾ ಹೀರುವ ಸದ್ದು ಕೇಳುತ್ತಿತ್ತು.

ಅವ್ವ ಪೊಟ್ಟಣ ನೋಡಿದಳು. ನನ್ನ ಮುಖ ನೋಡಲಿಲ್ಲ. ಚೀಲದೊಳಗಿದ್ದ ಕೈಯನ್ನು ಬರಿದೇ ಹೊರಗೆ ತೆಗೆದು ಬಾಯಿ ಕಟ್ಟಿದಳು. "ಇಲ್ಲ ಯವ್ವಾ, ನಾ ಚಹಾ ಕುಡಿಯಂಗಿಲ್ಲ. ನೀ ಮಾಡಿದ ಉಪಕಾರ ನಮ್ಮ ಮಕ್ಕಳು ಮರಿಯಂಗಿಲ್ಲ. ತಣ್ಣಗಿರು" ಅಂದಳು. ದನಿಯಲ್ಲಿ ಒಂದು ಎಳೆಯೂ ಬಿರುಸಿರಲಿಲ್ಲ. ಕೈಮುಗಿದು ಕಟ್ಟೆ ಇಳಿದಳು. ನಾನು ಹಿಂದೆ ಹೋದೆ.

ಮಾನ್ವಿಯಲ್ಲಿ ಬಸ್ಸು ಹತ್ತಿ ಕೂತ ಮೇಲೆ ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, "ಅವತ್ತೂ ಅದರಾಗs ಕೊಟ್ರೇನು?"

"ಹೂಂ."

"ಕುಡ್ದಿ."

ಅದು ಪ್ರಶ್ನೆಯಾಗಿರಲಿಲ್ಲ. ಮಕ್ಕಳ ಸಲುವಾಗಿ ಅವ್ವಾ ಎಂದು ಹೇಳಬೇಕೆಂದಿದ್ದೆ. ಅದು ನಿಜವೂ ಆಗಿತ್ತು. ಆದರೆ ಚಹಾ ಛಲೋ ಆಗಿದೆ ಎಂದದ್ದು ಯಾರ ಸಲುವಾಗಿ? ಅದನ್ನು ಯಾವ ಕೂಸೂ ನನ್ನಿಂದ ಕೇಳಿರಲಿಲ್ಲ. 

ಅವ್ವ ಚೀಲ ಬಿಚ್ಚಿದಳು. ಆ ಮನೆಗೆಂದು ಬಡಿದ ರೊಟ್ಟಿಯ ಮೇಲೆ ಹಿಂಡಿ ಹಾಕಿ, ಮಡಚಿ ನನ್ನ ಕೈಗೆ ಕೊಟ್ಟಳು. "ತಿನ್ನು, ಮುಂಜಾನಿಂದ ಏನೂ ತಿಂದಿಲ್ಲ ನೀ." ತಿಂದೆ. ಹಿಂಡಿಯ ಖಾರ ನೆತ್ತಿಗೇರಿ ಕೆಮ್ಮು ಬಂತು. ಅವಳು ಸೀರೆ ತುಂಡಿನಿಂದ ಒಂದು ಲೋಟ ತೆಗೆದು, ಬಾಟಲಿಯ ನೀರು ಹಾಕಿ ಮುಂದೆ ಹಿಡಿದಳು. ಹೊಸದಾಗಿ ಹೊಡಿಸಿದ ನಂಬರು ಬೆರಳಿಗೆ ತರಿತರಿಯಾಗಿ ಹತ್ತಿತು.

"ಕುಡಿ" ಅಂದಳು, "ಇದು ನಮ್ಮದದ."